ಒಂದು ನೀಲಿ ಹರಳಿಗೆ ಪಣವಿಟ್ಟ ಮೀಸೆ

ಕೆಲವರ ಮನೆಗೆ ನೆಂಟರು ವಿಳಾಸ ಕೇಳಿಕೊಂಡು ಬರುತ್ತಾರೆ. ನನ್ನ ಹತ್ತಿರಕ್ಕೆ ಎಡವಟ್ಟುಗಳು ಹಾಗೆ ಬರುತ್ತವೆ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಆಟೋ ಹಿಡಿದು, "ಕೆಮಿಸ್ಟ್ರಿ ಮೇಷ್ಟ್ರು ಲ್ಯಾಬು ಯಾವ ಕಡೆ" ಅಂತ ವಿಚಾರಿಸಿಕೊಂಡು ನೇರವಾಗಿ ನನ್ನ ಮೇಜಿನ ಮುಂದೆ ಬಂದು ಕೂರುತ್ತವೆ. ನಾನೂ ಬಂದವರನ್ನು ಬರಿಗೈಲಿ ಕಳಿಸುವ ಪೈಕಿ ಅಲ್ಲ.

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಲೇಬೇಕಾಗಿದೆ. ನಾನು ಹುಟ್ಟಿದ್ದು ಹೊಳೆನರಸೀಪುರ, ಪಾಠ ಮಾಡುವುದು ಹಾಸನದ ಒಂದು ಸ್ನಾತಕೋತ್ತರ ಕಾಲೇಜಿನಲ್ಲಿ, ವಿಷಯ ರಸಾಯನಶಾಸ್ತ್ರ, ವಿಶೇಷ ಪಾಂಡಿತ್ಯ ಹರಳು. ಜಿಲ್ಲೆಯಲ್ಲಿ ನನ್ನಷ್ಟು ದೊಡ್ಡ ಹರಳು ತಜ್ಞ ಇನ್ನೊಬ್ಬನಿಲ್ಲ. ಇನ್ನೊಬ್ಬ ಹರಳು ತಜ್ಞನೇ ಇಲ್ಲವಾದ್ದರಿಂದ ಅತ್ಯಂತ ಕಳಪೆ ತಜ್ಞನೂ ನಾನೇ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ.

ಈ ವಿದ್ಯೆ ಕೇಳುವುದಕ್ಕೆ ಸುಲಭ. ನೀವು ಒಂದು ಹೊಸ ವಸ್ತು ತಯಾರಿಸಿದಿರಿ ಅಂತಿಟ್ಟುಕೊಳ್ಳಿ. ಅದರೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಅಂತ ಗೊತ್ತಾಗಬೇಕಾದರೆ ಅದನ್ನು ಹರಳು ಮಾಡಿ ಅದರ ಮೇಲೆ ಎಕ್ಸ್‌ರೇ ಬಿಡಬೇಕು. ಕಿರಣ ಚದುರಿ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ರಂಗೋಲಿಯ ಚುಕ್ಕಿ ನೋಡಿ ರಂಗೋಲಿ ಹೇಗಿತ್ತು ಅಂತ ಹೇಳಿದ ಹಾಗೆ, ಆ ಚುಕ್ಕಿಗಳಿಂದ ಒಳಗಿನ ಚಿತ್ರ ಬಿಡಿಸಬಹುದು. ಯಂತ್ರ ಮೈಸೂರಿನಲ್ಲಿದೆ, ಬಿಡಿಸುವವರೂ ಅಲ್ಲೇ ಇದ್ದಾರೆ. ನಮ್ಮ ಕೆಲಸ ಇಷ್ಟೇ: ಸಾಸಿವೆ ಕಾಳಿನ ಕಾಲು ಭಾಗದಷ್ಟು ಒಂದು ಒಳ್ಳೆ ಹರಳು ಬೆಳೆಸಿ ಕಳಿಸುವುದು. ಆ ಕಾಲು ಸಾಸಿವೆ ನನ್ನ ಆಯುಷ್ಯದಲ್ಲಿ ಎಷ್ಟು ತಿಂದಿದೆ ಅಂತ ಕೇಳಬೇಡಿ.

೧. ಮಾತು ಜಾರಿದ್ದು

ನನ್ನ ಹತ್ತಿರ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಅರಕಲಗೂಡು ಕಡೆಯವಳು. ಬುದ್ಧಿವಂತೆ, ಮಾತು ಕಡಿಮೆ, ಆಡಿದರೆ ನೇರ. ಅವಳು ತಾಮ್ರದ ಒಂದು ಹೊಸ ಸಂಯುಕ್ತ ಮಾಡಿದ್ದಳು. ಬಣ್ಣ ಮನಸ್ಸು ಸೆಳೆಯುವ ನೀಲಿ, ರೂಪ ಮಾತ್ರ ಹಿಟ್ಟು. ತಾಮ್ರದ ಸುತ್ತ ನಾಲ್ಕು ಕೈ. ಆ ನಾಲ್ಕೂ ಕೈ ಒಂದೇ ಮಟ್ಟದಲ್ಲಿ, ಊಟದ ಮಣೆಯ ಹಾಗೆ ಚಪ್ಪಟೆಯಾಗಿವೆ ಅಂತ ನನ್ನ ವಾದ. ಅಲ್ಲ, ತಿರುಚಿಕೊಂಡಿವೆ ಅಂತ ನನ್ನ ಸಹೋದ್ಯೋಗಿಯ ವಾದ.

ಈ ಸಹೋದ್ಯೋಗಿ ಚನ್ನರಾಯಪಟ್ಟಣದವನು. ಇಬ್ಬರೂ ಒಟ್ಟಿಗೆ ಓದಿದವರು, ಒಟ್ಟಿಗೆ ಕೆಲಸಕ್ಕೆ ಸೇರಿದವರು, ಅಂದಿನಿಂದ ಒಟ್ಟಿಗೆ ಜಗಳ ಆಡಿಕೊಂಡು ಬಂದವರು. ನಮ್ಮಿಬ್ಬರ ವಾದ ನಮ್ಮಲ್ಲೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಸಂಶೋಧನಾ ಸಮಿತಿಯವರು ಆ ಹುಡುಗಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಹರಳಿನ ಚಿತ್ರವಿಲ್ಲದೆ ಆ ಅಧ್ಯಾಯ ನಿಲ್ಲುವುದಿಲ್ಲ, ಆ ಅಧ್ಯಾಯವಿಲ್ಲದೆ ಪ್ರಬಂಧ ನಿಲ್ಲುವುದಿಲ್ಲ. ಅವಳ ಅವಧಿಯನ್ನು ಆಗಲೇ ಒಂದು ಸಲ ವಿಸ್ತರಿಸಿ ಆಗಿತ್ತು. ಆ ವರ್ಷ ಮುಗಿದರೆ ಎಲ್ಲ ಮುಗಿದಂತೆ.

ಒಂದು ಸಂಜೆ ಸ್ಟಾಫ್ ರೂಮಿನಲ್ಲಿ ಟೀ, ಉದ್ದಿನ ವಡೆ. ಗೆಳೆಯ ವಡೆ ಮುರಿಯುತ್ತಾ ಅಂದ: "ನೀನು ಹರಳು ಬೆಳೆಸೋದು ಅಂದ್ರೆ ನಮ್ಮಜ್ಜಿ ಮೊಬೈಲಲ್ಲಿ ಮೆಸೇಜ್ ಕಳಿಸ್ದಂಗೆ. ಒತ್ತೋದೇನೋ ಒತ್ತುತ್ತಾಳೆ, ಹೋಗೋದಿಲ್ಲ."

ನಮ್ಮ ವಂಶದಲ್ಲಿ ಒಂದು ದೋಷವಿದೆ. ಬಾಯಿ ಮೊದಲು ಹೊರಡುತ್ತದೆ, ತಲೆ ಆಮೇಲೆ ಬಸ್ಸು ಹಿಡಿದು ಬರುತ್ತದೆ. ನಾನು ಮೀಸೆಗೆ ಕೈ ಹಾಕಿದೆ. ನನ್ನ ಮೀಸೆಯ ವಿಷಯ ನಿಮಗೆ ಗೊತ್ತಿಲ್ಲ. ಎರಡೂ ತುದಿ ಮೇಲಕ್ಕೆ ತಿರುಗಿದ್ದು, ಕಾಡಿಗೆಯಷ್ಟು ಕಪ್ಪು. ಹೊಸ ವಿದ್ಯಾರ್ಥಿಗಳು ಮೊದಲ ದಿನ ನನಗೆ ಮಾಡುವ ನಮಸ್ಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಸೇರಬೇಕಾದ್ದು.

"ಹಾಸನಾಂಬೆ ಗುಡಿ ಬಾಗಿಲು ತೆಗೆಯೋದ್ರೊಳಗೆ ಹರಳು ತೋರಿಸ್ದಿದ್ರೆ ಈ ಮೀಸೆ ತೆಗೀತೀನಿ ಕಣ್ಲಾ."

"ಅಮ್ಮನೋರು ವರ್ಷಕ್ಕೊಂದು ಸತಿಯಾದ್ರೂ ಬಾಗಿಲು ತೆಗೀತಾರೆ," ಅಂದ ಗೆಳೆಯ. "ನಿನ್ನ ಹರಳು ಅದೂ ಇಲ್ವಲ್ಲಾ."

ಇಡೀ ಸ್ಟಾಫ್ ರೂಮು ನಕ್ಕಿತು. ಬಾಗಿಲಲ್ಲಿ ಸಹಿಗಾಗಿ ನಿಂತಿದ್ದ ನನ್ನ ವಿದ್ಯಾರ್ಥಿನಿ ಮಾತ್ರ ನಗಲಿಲ್ಲ. ಹೊರಗೆ ಬಂದ ಮೇಲೆ ಮೆಲ್ಲಗೆ ಅಂದಳು: "ಸಾರ್, ನಿಮ್ಮ ಮೀಸೆ ಹೋದ್ರೆ ಮತ್ತೆ ಬರುತ್ತೆ. ನನ್ನ ಅವಧಿ ಹೋದ್ರೆ ಬರಲ್ಲ. ಪಣ ಕಟ್ಟೋ ಮುಂಚೆ ನನ್ನೂ ಒಂದು ಮಾತು ಕೇಳ್ಬಹುದಿತ್ತು."

೨. ಅಕ್ಕನ ದೇವರ ಗೂಡು

ಹರಳು ಬೆಳೆಯುವುದಕ್ಕೆ ಬೇಕಾದ್ದು ನೆಮ್ಮದಿ. ವಸ್ತುವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ದ್ರಾವಣ ಮಾಡಿ, ಬೆರಳುದ್ದದ ಸೀಸೆಗೆ ಹಾಕಿ, ಮೇಲೆ ತೂತಿನ ಹಾಳೆ ಮುಚ್ಚಿ, ಅಲುಗಾಡದ ಜಾಗದಲ್ಲಿ ಇಡಬೇಕು. ದ್ರಾವಣ ನಿಧಾನವಾಗಿ ಆರುತ್ತಾ ಹೋದ ಹಾಗೆ ಹರಳು ಕಟ್ಟುತ್ತದೆ. ನಮ್ಮ ಲ್ಯಾಬು ಮುಖ್ಯರಸ್ತೆಗೆ ಅಂಟಿಕೊಂಡಿದೆ. ಒಂದೊಂದು ಲಾರಿ ಹೋದಾಗಲೂ ಸೀಸೆಗಳೆಲ್ಲ ಹಲ್ಲು ಕಡಿಯುತ್ತವೆ.

ನನಗೆ ಹೊಳೆಯಿತು, ಹೊಳೆನರಸೀಪುರದ ಅಕ್ಕನ ಮನೆ. ದಪ್ಪ ಗೋಡೆ, ದೇವರ ಮನೆಯಲ್ಲಿ ಕಲ್ಲಿನ ಗೂಡು, ಒಳಗೆ ಸದಾ ತಂಪು. ನೀಲಿ ಸೀಸೆಯನ್ನು ಎದೆಗೊತ್ತಿಕೊಂಡು ಬಸ್ಸಿನಲ್ಲಿ ಹೋಗಿ ಗೂಡಿನಲ್ಲಿಟ್ಟೆ. "ಅಕ್ಕಾ, ಇದನ್ನ ಯಾರೂ ಮುಟ್ಟಬಾರದು. ಒಂದು ಹುಡುಗಿ ಭವಿಷ್ಯ ಇದರಲ್ಲಿದೆ," ಅಂದೆ.

"ಆಯ್ತು ಕಣಪ್ಪ, ದೇವರಂಗೆ ನೋಡ್ಕತೀನಿ," ಅಂದಳು.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಸ್ವಲ್ಪ ದಿನ ಬಿಟ್ಟು ಹೋಗಿ ನೋಡಿದರೆ ಸೀಸೆಗೆ ಅರಿಶಿನ, ಕುಂಕುಮ, ಕತ್ತಿಗೆ ಸೇವಂತಿಗೆ ಮಾಲೆ. ಅಕ್ಕಪಕ್ಕ ಒಂದೊಂದು ತುಪ್ಪದ ದೀಪ. ಎರಡು ದೀಪದ ಕಾವಿಗೆ ಒಳಗಿನ ದ್ರಾವಣವೆಲ್ಲ ಆರಿ, ತಳದಲ್ಲಿ ಸೀದ ಸಾರಿನ ಪಾತ್ರೆಯಂತೆ ಹಕ್ಕಳೆ ಕಟ್ಟಿತ್ತು. ದೀಪದ ಪಕ್ಕ ಸ್ಪಿರಿಟ್ಟಿನ ಸೀಸೆ ಹೊತ್ತಿಕೊಳ್ಳದೆ ಉಳಿದಿದ್ದೇ ಅಕ್ಕನ ಪೂಜೆಯ ಫಲ.

"ಅಕ್ಕಾ, ದೀಪ ಯಾಕೆ ಹಚ್ಚಿದೆ?"

"ನೀನೇ ತಂದು ದೇವರ ಗೂಡಲ್ಲಿ ಮಡಗಿ, ಭವಿಷ್ಯ ಐತೆ ಅಂದೆ. ದೀಪ ಹಚ್ದೆ ಇರಕ್ಕಾಯ್ತದಾ?"

ನಾನು ತಲೆಮೇಲೆ ಕೈ ಹೊತ್ತು ಕೂತೆ. ಅಕ್ಕ ಕಾಫಿ ತಂದುಕೊಟ್ಟು ಸಮಾಧಾನ ಮಾಡಿದಳು. "ನಿಂಗೆ ಫಲ ಕೊಡ್ನಿಲ್ಲ ಅಂತ ಬೇಜಾರು ಮಾಡ್ಕಬ್ಯಾಡ. ಪಕ್ಕದ ಮನೆಯವಳು ಅದುಕ್ಕೆ ಕೈ ಮುಗುದು ಬೇಡ್ಕಂಡ್ಲು, ಅವಳ ಮಗನಿಗೆ ಹೆಣ್ಣು ಗೊತ್ತಾಯ್ತು. ಎದುರುಗಡೆ ಮನೇಲೂ ಒಬ್ಬ ಕೂತವ್ನೆ. ಮುಂದಿನ ಸತಿ ಬರುವಾಗ ಇನ್ನೊಂದು ಸೀಸೆ ತಂದ್ಬುಡು."

೩. ಮೈಸೂರಿನಿಂದ ಬಂದ ಫೋನು

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಪವಾಡವೇ ಆಯಿತು. ಒಂದು ಸೀಸೆಯ ತಳದಲ್ಲಿ ಹರಳು. ಒಂದಲ್ಲ, ಒಂದು ಹಿಡಿ. ಮೂಲೆ ಮೂಲೆ ತಿದ್ದಿದಂತೆ ಚೌಕ, ಬೆಳಕಿಗೆ ಹಿಡಿದರೆ ಮೂಗುತಿ.

"ಸಾರ್, ನಮ್ಮ ವಸ್ತು ನೀಲಿ. ಇದಕ್ಕೆ ಬಣ್ಣಾನೇ ಇಲ್ಲವಲ್ಲ," ಅಂದಳು ಹುಡುಗಿ.

"ಹೊಳೆಯ ನೀರು ದೂರದಿಂದ ನೀಲಿ ಕಾಣುತ್ತೆ, ಬೊಗಸೆಯಲ್ಲಿ ಹಿಡಿದರೆ ಬಣ್ಣ ಇರುತ್ತೇನಮ್ಮ? ಚಿಕ್ಕ ಹರಳು ಹಾಗೇ," ಅಂದೆ. ಉಪಮೆ ಎಷ್ಟು ಚೆನ್ನಾಗಿ ಬಂತೆಂದರೆ ನಾನೇ ನಂಬಿಬಿಟ್ಟೆ. ಅವಳು ನಂಬಲಿಲ್ಲ. ಆದರೂ ಗೈಡು ಹೇಳಿದ ಮೇಲೆ ಮೈಸೂರಿಗೆ ಒಯ್ದು ಕೊಟ್ಟು ಬಂದಳು. ನಾನು ಇಲ್ಲಿ ಇಡೀ ವಿಭಾಗಕ್ಕೆ ಮೈಸೂರ್‌ಪಾಕು ಹಂಚಿದೆ. ಗೆಳೆಯನಿಗೆ ಎರಡು ತುಂಡು ಕೊಟ್ಟು, ಅವನ ಮುಂದೆ ನಿಂತು ಮೀಸೆ ತಿರುವಿದೆ. ಎಂಎಸ್ಸಿ ಕ್ಲಾಸಿನಲ್ಲಿ ಹರಳಿನ ಫೋಟೋವನ್ನು ಪರದೆಯ ಮೇಲೆ ಗೋಡೆಯಗಲ ತೋರಿಸಿದೆ.

ಮೈಸೂರಿನ ಯಂತ್ರದವರು ಬಹಳ ಸಂಭಾವಿತರು, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಮಾರನೆಯ ಮಧ್ಯಾಹ್ನ ಫೋನು ಮಾಡಿದರು.

"ಸಾರ್, ಊಟ ಆಯ್ತಾ?"

"ಈಗ ತಾನೆ ಆಯ್ತು ಸಾರ್."

"ಛೆ, ಸ್ವಲ್ಪ ಮುಂಚೆ ಮಾಡಬೇಕಿತ್ತು ನಾನು. ನಿಮ್ಮ ಹರಳು ನೋಡಿದೆ. ಬಹಳ ಶುದ್ಧವಾಗಿದೆ. ಮೊಸರನ್ನಕ್ಕೆ ಒಂದೆರಡು ಉದುರಿಸಿಕೊಳ್ಳಬಹುದಾಗಿತ್ತು."

ಉಪ್ಪು. ಅಡುಗೆಮನೆಯ ಉಪ್ಪು. ತಯಾರಿಕೆಯಲ್ಲಿ ಸೋಡಿಯಂ ಇತ್ತು, ಕ್ಲೋರೈಡೂ ಇತ್ತು. ಅವೆರಡೂ ನಮ್ಮ ಕಣ್ಣು ತಪ್ಪಿಸಿ ಒಳಗೊಳಗೇ ಮದುವೆಯಾಗಿಬಿಟ್ಟಿದ್ದವು.

ಮರುದಿನ ಊಟದ ಹೊತ್ತಿಗೆ ಗೆಳೆಯ ಡಬ್ಬಿ ತೆಗೆದು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ. ಎದ್ದು ನನ್ನ ಹತ್ತಿರ ಬಂದು ಅಂಗೈ ಚಾಚಿದ. "ಸಪ್ಪೆ ಆಗೈತೆ ಕಣ್ಲಾ. ಒಂಚೂರು ನಿನ್ನ ಸಂಶೋಧನೆ ಕೊಡು."

೪. ಚನ್ನರಾಯಪಟ್ಟಣದ ಕಾಯಿರಾಶಿ

ಹರಳು ಬರಲಿ ಬಿಡಲಿ, ಹರಳಿನ ಪಾಠ ಮಾಡಲೇಬೇಕಲ್ಲ. ಪರಮಾಣುಗಳು ಹರಳಿನಲ್ಲಿ ಒಂದರ ಸಂದಿನಲ್ಲಿ ಒಂದು ಹೇಗೆ ಒತ್ತಾಗಿ ಕೂರುತ್ತವೆ ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳಿಗೆ ನಿದ್ದೆ. ಕಣ್ಣಾರೆ ತೋರಿಸೋಣ ಅಂತ ಯೋಚಿಸಿದೆ. ಗೆಳೆಯನ ಅಣ್ಣನದು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ. ಸುಲಿದ ಕಾಯಿಯನ್ನು ಅವರು ಗೋಪುರದ ಹಾಗೆ ಒಟ್ಟಿರುತ್ತಾರೆ. ಅದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಇಡೀ ಕ್ಲಾಸನ್ನು ಬಸ್ಸು ಹತ್ತಿಸಿಕೊಂಡು ಹೋದೆ. ಗೆಳೆಯನೂ ಬಂದ. ಅಣ್ಣನನ್ನು ನೋಡಬೇಕು ಅಂತ ನೆಪ, ನನ್ನನ್ನು ನೋಡಬೇಕು ಅಂತ ಆಸೆ.

ಪಾಠ ಭರ್ಜರಿಯಾಗಿ ನಡೆಯಿತು. ಕಾಯಿರಾಶಿಯ ಮುಂದೆ ನಿಂತು ಒಂದೊಂದೇ ಸಾಲು ತೋರಿಸಿದೆ. ಕೂಲಿಯವರೂ ಕೆಲಸ ಬಿಟ್ಟು ಕೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

"ಈಗ ನೋಡಿ," ಅಂದೆ. "ಹರಳಿನಲ್ಲಿ ಕೆಲವು ಸಲ ಒಂದು ಪರಮಾಣು ಇರಬೇಕಾದ ಜಾಗ ಖಾಲಿ ಇರುತ್ತೆ. ಹಾಗಂತ ಹರಳಿಗೆ ಏನೂ ಆಗಲ್ಲ. ಸುತ್ತಲಿನವು ಹಿಡಿದುಕೊಂಡಿರುತ್ತವೆ."

ಹೀಗೆ ಹೇಳುತ್ತಾ ಕೆಳಗಿನ ಸಾಲಿನಿಂದ ಒಂದು ಕಾಯಿ ಎಳೆದೆ.

ಒಂದು ಕ್ಷಣ ಏನೂ ಆಗಲಿಲ್ಲ. ನಾನು ಗೆಲುವಿನಿಂದ ಗೆಳೆಯನ ಕಡೆ ನೋಡಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ನನ್ನ ತಲೆಯ ಮೇಲಕ್ಕೆ ನೋಡುತ್ತಿದ್ದ. ಆಮೇಲೆ ಗೊರೂರು ಡ್ಯಾಮಿನ ಗೇಟು ಎತ್ತಿದ ಹಾಗಾಯಿತು. ಕಾಯಿಗಳು ನನ್ನ ಕಾಲಿನ ನಡುವೆ ನುಗ್ಗಿ, ಮಂಡಿಯ ಬಾಗಿಲು ದಾಟಿ, ರಸ್ತೆಗೆ ಇಳಿದು, ಆಟೋಗಳ ಕೆಳಗೆ ಹೊಕ್ಕವು. ನಾನು ನನ್ನ ಜ್ಞಾನದ ಜೊತೆ ಒಂದು ಕಾಯಿಯ ಮೇಲೆ ಕೂತಿದ್ದೆ.

ಎಲ್ಲ ಉರುಳಿ ನಿಂತ ಮೇಲೆ ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿ, ಪೆನ್ನು ಕೈಯಲ್ಲಿ ಹಿಡಿದವನು, ಬಹಳ ವಿನಯದಿಂದ ಕೇಳಿದ: "ಸಾ, ಈಗ ಇದನ್ನ ಹರಳು ಕರಗಿದ್ದು ಅಂತ ಬರ್ಕೊಳ್ಳಾದಾ?"

೫. ಎಷ್ಟು ಎಕರೆ ಬಾಕಿ

ದಸರಾ ಹತ್ತಿರ ಬಂದಾಗ ಹುಡುಗಿಯ ಅಪ್ಪ ಲ್ಯಾಬಿಗೆ ಬಂದರು. ಅರಕಲಗೂಡಿನ ಹತ್ತಿರ ಶುಂಠಿ, ಜೋಳ ಬೆಳೆಯುವವರು. ನನಗೆ ಅಂತ ಒಂದು ಚೀಲ ಹಸಿಶುಂಠಿ ತಂದಿದ್ದರು.

"ನಮ್ಮ ತಾಲೂಕಲ್ಲೇ ಒಂದು ಕಾಲೇಜಲ್ಲಿ ಇವಳಿಗೆ ಕೆಲಸ ಕೊಡ್ತೀವಿ ಅಂತವ್ರೆ ಸಾ. ಡಾಕ್ಟ್ರೇಟು ಆಗಿರ್ಬೇಕಂತೆ. ಈ ವರ್ಷ ಮುಗೀತದಾ?"

ನಾನು ಕಿಟಕಿಯ ಕಡೆ ನೋಡಿದೆ. ಹುಡುಗಿ ನೆಲದ ಕಡೆ ನೋಡಿದಳು. ಅವರು ಮೇಜಿನ ಮೇಲೆ ಸಾಲಾಗಿ ನಿಂತ ನೀಲಿ ಸೀಸೆಗಳ ಕಡೆ ನೋಡಿದರು.

"ಇದು ಮೈಲುತುತ್ತ ಅಲ್ವಾ ಸಾ? ನಾವು ಶುಂಠಿಗೆ ಹೊಡೆಯೋದು?"

"ಅದರಲ್ಲಿರೋ ತಾಮ್ರವೇ ಇದರಲ್ಲೂ ಇರೋದು ಯಜಮಾನ್ರೇ."

ಅವರು ಒಂದು ಸೀಸೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಅಳೆದು ನೋಡಿ, ಜೋಪಾನವಾಗಿ ಕೆಳಗಿಟ್ಟರು. ದನಿಯಲ್ಲಿ ಕೊಂಚವೂ ಕುಹಕವಿರಲಿಲ್ಲ. "ನಾವು ಬೆಳಿಗ್ಗೆ ಡ್ರಮ್ಮಲ್ಲಿ ಕಲಸಿ ಸಂಜೆಗೆ ಹೊಡ್ದು ಮುಗಿಸ್ಬುಡ್ತೀವಿ. ನೀವು ಇಷ್ಟುದ್ದ ಸೀಸೇಲಿ ವರ್ಷಗಟ್ಲೆ ಕಲಸ್ತಾ ಇದೀರಿ. ಪಾಪ, ಇನ್ನೂ ಎಷ್ಟು ಎಕರೆ ಬಾಕಿ ಐತೆ ಸಾ?"

೬. ಕತ್ತರಿ

ಹಾಸನಾಂಬೆ ಗುಡಿಯ ಬಾಗಿಲು ತೆಗೆದರು. ಊರಿಗೆ ಊರೇ ಸಾಲು ನಿಂತಿತ್ತು. ಸಾಲಿನಲ್ಲಿ ನಿಲ್ಲದವರು ಇಬ್ಬರೇ: ನಾನು ಲ್ಯಾಬಿನಲ್ಲಿ ಅಡಗಿದ್ದೆ, ಗೆಳೆಯ ನನ್ನನ್ನು ಹುಡುಕುತ್ತಿದ್ದ. ಸಿಕ್ಕಿಬಿಟ್ಟೆ. ಅವನ ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಹೊಸ ರೇಜರು.

"ಬ್ಯಾಡ ಬಿಡ್ಲಾ ಅಂತ ಅನ್ನೋಣ ಅಂತಲೇ ಬಂದೆ," ಅಂದ. "ಆದ್ರೆ ರೇಜರ್ ತಗಂಡ್ಬುಟ್ಟಿದೀನಿ, ದಂಡ ಆಯ್ತದೆ."

ಕಟಿಂಗ್ ಶಾಪಿಗೆ ಹೋಗುವ ಹಾಗಿರಲಿಲ್ಲ. ಕಾಲೇಜಿನ ಎದುರು ಅಂಗಡಿಯವನು ನಮ್ಮೂರಿನವನು. ಒಂದು ಕಡೆ ಬೋಳಿಸುವಷ್ಟರಲ್ಲಿ ಹೊಳೆನರಸೀಪುರಕ್ಕೆ ಸುದ್ದಿ ಮುಟ್ಟಿರುತ್ತದೆ. ಹಾಗಾಗಿ ಲ್ಯಾಬಿನ ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯೇ ಗತಿ. ಫಿಲ್ಟರ್ ಕಾಗದ ಕತ್ತರಿಸುವ ಕತ್ತರಿ ತೆಗೆದುಕೊಂಡೆ. ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಹುಡುಗಿ ಕಡೆಯ ಸೀಸೆಗಳನ್ನು ಸಾಲಾಗಿಟ್ಟು, ಮುಚ್ಚಿದ ಹಾಳೆ ತೆಗೆದು, ಒಂದೊಂದಕ್ಕೂ ಒಂದೊಂದು ತೊಟ್ಟು ಸ್ಪಿರಿಟ್ ಬಿಡುತ್ತಿದ್ದಳು.

"ಸಾರ್, ಅಲ್ಲಿ ಬೇಡ, ಇವೆಲ್ಲ ತೆರೆದಿದಾವೆ," ಅಂದಳು.

"ನನ್ನ ಕೈ ಹಿಡಿತ ನಿಂಗೆ ಗೊತ್ತಿಲ್ಲಮ್ಮ. ಒಂದು ಎಳೆ ಆಚೆ ಬೀಳಲ್ಲ," ಅಂದೆ. ಬಲಗಡೆಯದನ್ನು ಬುಡಕ್ಕೇ ಕತ್ತರಿಸುತ್ತಿದ್ದ ಹಾಗೆ ಒಂದು ಎಳೆ ಮೂಗಿನೊಳಕ್ಕೆ ಹೊಕ್ಕು ನನಗೊಂದು ಸೀನು ಬಂತು. ಅಂಥಿಂಥ ಸೀನಲ್ಲ. ಗೆಳೆಯನ ಕೈಯಲ್ಲಿದ್ದ ಟೀ ಚೆಲ್ಲಿತು. ಹುಡುಗಿ ಸೀಸೆಗಳನ್ನು ಮತ್ತೆ ಮುಚ್ಚಿ, ಬೀರುವಿನೊಳಗೆ ಇಟ್ಟು, ಬೀಗ ಹಾಕಿ, ಕೀಲಿಯನ್ನು ನನಗೆ ಕೊಡದೆ ಹೊರಟುಹೋದಳು. ಹಬ್ಬಕ್ಕೆ ಊರಿಗೆ ಹೋಗುವವಳು ಸಾಮಾನ್ಯವಾಗಿ ಹೇಳಿ ಹೋಗುತ್ತಾಳೆ. ಅವತ್ತು ಹೇಳಲಿಲ್ಲ.

ಉಳಿದದ್ದನ್ನೂ ಬೋಳಿಸಿಕೊಂಡು ಸಂಜೆ ಮನೆಗೆ ಹೋದೆ. ಹೆಂಡತಿ ಬಾಗಿಲು ತೆಗೆದಳು. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು, "ಅದರ ಹಿಂದೆ ಇಷ್ಟೇನಾ ಇದ್ದಿದ್ದು," ಅಂತ ಹೇಳಿ ಒಳಗೆ ಹೋದಳು.

೭. ಗರಿಕೆಯ ಮೇಲಿನ ಇಬ್ಬನಿ

ದೀಪಾವಳಿ ಮುಗಿಸಿ ಬಂದ ಹುಡುಗಿ ಬೀರು ತೆಗೆದವಳೇ "ಸಾರ್" ಅಂದಳು. ಆ ಒಂದು ಮಾತು ಹೇಳಿದ ರೀತಿಗೆ ನಾನು ಚಪ್ಪಲಿ ಬಿಟ್ಟು ಓಡಿದೆ.

ಒಂದು ಸೀಸೆಯಲ್ಲಿ, ನೀಲಿ ದ್ರಾವಣದ ನಡುವೆ, ಅಡ್ಡಲಾಗಿ ಒಂದು ಕೂದಲು. ಅದರ ಮೇಲೆ ಸಾಲಾಗಿ, ಗರಿಕೆಯ ಮೇಲೆ ಇಬ್ಬನಿ ಕೂತ ಹಾಗೆ, ನೀಲಿ ಹರಳುಗಳು. ಉಪ್ಪಲ್ಲ. ನೀಲಿ. ಹರಳಿಗೆ ಶುರುಮಾಡಲು ಆಸರೆಗೆ ಏನಾದರೊಂದು ಬೇಕಾಗುತ್ತದೆ, ಧೂಳಿನ ಕಣವೋ ಗಾಜಿನ ಗೀರೋ. ಅವಳು ಅಷ್ಟು ವರ್ಷ ಸೀಸೆಗಳನ್ನು ಕನ್ನಡಿಯಂತೆ ತೊಳೆದು ಇಟ್ಟಿದ್ದಕ್ಕೆ ಪಾಪ ಅವಕ್ಕೆ ಕೂರಲು ಜಾಗವೇ ಸಿಕ್ಕಿರಲಿಲ್ಲ. ನನ್ನ ಸೀನು ಜಗಲಿ ಹಾಕಿಕೊಟ್ಟಿತ್ತು.

ಅವತ್ತೇ ಮೈಸೂರಿಗೆ ಒಯ್ದಳು. ಈ ಸಲ ನಾನು ಏನೂ ಹಂಚಲಿಲ್ಲ. ಫೋನು ಬಂದಾಗ ಗೆಳೆಯ, "ಎಲ್ರಿಗೂ ಕೇಳಂಗೆ ಸ್ಪೀಕರ್‌ಗೆ ಹಾಕ್ಲಾ," ಅಂದ. ಹಾಕಿದೆ. ಇಡೀ ಸ್ಟಾಫ್ ರೂಮು ಸುತ್ತ ನಿಂತಿತು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ಸಾರ್, ಹರಳು ಅಮೋಘವಾಗಿದೆ. ಚಿತ್ರ ಪೂರ್ತಿ ಸಿಕ್ಕಿದೆ. ನಿಮ್ಮ ವಿದ್ಯಾರ್ಥಿನಿಗೆ ಅಭಿನಂದನೆ ಹೇಳಿ."

ಹುಡುಗಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

"ಚಪ್ಪಟೆನಾ ಸಾರ್?" ಅಂತ ನಾನು ಕೇಳಿದೆ.

"ಇಲ್ಲ ಸಾರ್. ಚೆನ್ನಾಗಿ ತಿರುಚಿಕೊಂಡಿದೆ."

ಗೆಳೆಯ ತನ್ನ ಖಾಲಿ ತುಟಿಯ ಮೇಲೆ ಇಲ್ಲದ ಮೀಸೆ ತಿರುವಿದ, ಅಷ್ಟೇ.

"ಇನ್ನೊಂದು ಸಣ್ಣ ಸಂದೇಹ ಸಾರ್," ಅಂದರು ಆ ಸಂಭಾವಿತರು. "ಹರಳು ಕೂತಿದ್ದ ಎಳೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅರ್ಧ ಕಪ್ಪು, ಬುಡದ ಕಡೆ ಪೂರ್ತಿ ಬಿಳಿ. ಹರಳೆಲ್ಲ ಬಿಳಿ ಭಾಗದ ಮೇಲೇ ಬೆಳೆದಿದೆ. ಕಪ್ಪಿನ ಮೇಲೆ ಒಂದೂ ಇಲ್ಲ. ಇದು ಯಾವ ವಸ್ತು ಸಾರ್, ಎರಡು ಬಣ್ಣದ್ದು?"

ಇಪ್ಪತ್ತು ವರ್ಷದಿಂದ ನಾನು ಮತ್ತು ನನ್ನ ಹೆಂಡತಿ ಮಾತ್ರ ಬಲ್ಲ ಸಂಗತಿಯನ್ನು ಇಡೀ ವಿಭಾಗ ಒಟ್ಟಿಗೆ ತಿಳಿದುಕೊಂಡಿತು.

ಮುಂದೆ ಅವಳ ಮೌಖಿಕ ಪರೀಕ್ಷೆ. ಅಪ್ಪ ಹಿಂದಿನ ಸಾಲಿನಲ್ಲಿ ಹೊಸ ಪಂಚೆ ಉಟ್ಟು ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು: "ಅಷ್ಟೊಂದು ಸಲ ಬರದ ಹರಳು ಈ ಸಲ ಬಂತು. ಏನು ಬದಲಾಯಿಸಿದಿರಿ?"

ಅವಳು ನನ್ನ ಮೀಸೆಯಿಲ್ಲದ ಮುಖದ ಕಡೆ ನೋಡಿದಳು. ಬೇಡಮ್ಮ ಅಂತ ಕಣ್ಣಲ್ಲೇ ಬೇಡಿಕೊಂಡೆ. ಅರಕಲಗೂಡಿನ ಮಣ್ಣು, ಸುಳ್ಳು ಹೇಳುವುದಿಲ್ಲ.

"ನಮ್ಮ ಗೈಡನ್ನ ಸಾರ್."

ಸಭೆ ನಕ್ಕು ಸುಸ್ತಾಗುವುದರೊಳಗೆ ಅವಳು ಡಾಕ್ಟರ್ ಆಗಿದ್ದಳು. ಈಗ ಅರಕಲಗೂಡಿನಲ್ಲಿ ಪಾಠ ಮಾಡುತ್ತಾಳೆ. ಹರಳಿನ ಪಾಠಕ್ಕೆ ಮಕ್ಕಳನ್ನು ಯಾವ ಮಂಡಿಗೂ ಕರೆದುಕೊಂಡು ಹೋಗುವುದಿಲ್ಲವಂತೆ.

ನನ್ನ ಗೆಳೆಯನದು ಈಗ ಬೇರೆ ಕಥೆ. ಅವನ ವಿದ್ಯಾರ್ಥಿಯ ಒಂದು ವಸ್ತು ಹರಳಾಗುತ್ತಿಲ್ಲ. ಸಮಿತಿಯವರು ಅವನಿಗೂ ಅದೇ ಮಾತು ಹೇಳಿದ್ದಾರೆ. ನನ್ನ ಮೀಸೆ ತೆಗೆಸಿದ ಮನುಷ್ಯ ಈಗ ದಿನಾ ಬೆಳಿಗ್ಗೆ ಜೇಬಿನಲ್ಲಿ ಚಿಮುಟ ಇಟ್ಟುಕೊಂಡು ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಶುಂಠಿ ಮೊಳಕೆ ನೋಡುವ ರೈತನ ಹಾಗೆ ನೋಡುತ್ತಾನೆ. ಟೀ ಅವನದೇ, ವಡೆ ಅವನದೇ. ನಾನು ಕಾಲ ಮೇಲೆ ಕಾಲು ಹಾಕಿ ಕೂತು, "ಇನ್ನೂ ಎಳಸು, ಮುಂದಿನ ವಾರ ಬಾ," ಅಂತ ಕಳಿಸುತ್ತೇನೆ.

ಮೊನ್ನೆ ಹೊರಟವನು ಬಾಗಿಲ ತನಕ ಹೋಗಿ ವಾಪಸ್ ಬಂದ. ಅಕ್ಕಪಕ್ಕ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಮ್ಮ ಸ್ನೇಹದಲ್ಲಿ ಎಂದೂ ಕೇಳದಷ್ಟು ದೈನ್ಯದಿಂದ ಅಂದ:

"ನಿನ್ನ ದಮ್ಮಯ್ಯ ಕಣ್ಲಾ, ಬಣ್ಣ ಮಾತ್ರ ಹಚ್ಬ್ಯಾಡ."